ಮೇಡಂ ಬೇಡ ಅಂದಿದ್ದರು

ಮಾನಿಟರ್ ಮುಂದೆ ಕೂರುವ ಮೊದಲು ಅವರು ಬೂದು ಬಣ್ಣದ ಶಾಲೊಂದನ್ನು ಕುತ್ತಿಗೆಯವರೆಗೂ ಹೊದ್ದುಕೊಳ್ಳುತ್ತಿದ್ದರು. ಒಳಗೆ ರಾಣಿ ಬಣ್ಣದ್ದೋ ಗಿಳಿಹಸಿರಿನದೋ ಸೀರೆ, ಮುಡಿ ತುಂಬ ಮಲ್ಲಿಗೆ; ಮೇಲೆ ಈ ಕಳೆಗೆಟ್ಟ ಶಾಲು. ಸೀರೆಯ ಬಣ್ಣ ಪರದೆಯ ಮೇಲೆ ಬಿದ್ದರೆ ಚಿತ್ರದ ಬಣ್ಣ ತಪ್ಪಾಗಿ ಕಾಣುತ್ತದೆ ಎನ್ನುವುದು ಅವರ ಲೆಕ್ಕ. ಆಮೇಲೆ ಎಡಗಣ್ಣು ಮುಚ್ಚಿ, ಬಲಹುಬ್ಬು ಏರಿಸಿ ನೋಡುತ್ತಿದ್ದರು. ಆ ಹುಬ್ಬು ಕೆಳಗಿಳಿದರೆ ಮಾತ್ರ ನಮ್ಮ ಕೆಲಸ ಪಾಸು.

ನಾವು ಅವರನ್ನು ಕರೆಯುತ್ತಿದ್ದದ್ದು ಮೇಡಂ ಎಂದೇ. ಬನಶಂಕರಿಯ ನಮ್ಮ ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ವಿಷುವಲ್ ಎಫೆಕ್ಟ್ಸ್ ಮಾಡುತ್ತೇವೆ. ಕಂಪ್ಯೂಟರಿನಲ್ಲಿ ಒಬ್ಬರು ಮನೆ ಕಟ್ಟುತ್ತಾರೆ, ಒಬ್ಬರು ಮರ, ಇನ್ನೊಬ್ಬರು ಮನುಷ್ಯರನ್ನು ಮಾಡುತ್ತಾರೆ. ಅವನ್ನೆಲ್ಲ ಒಂದೇ ದೃಶ್ಯವಾಗಿ ಜೋಡಿಸಿ, ಬೆಳಕು ಕೊಟ್ಟು, ಕೊನೆಯ ಚಿತ್ರ ತೆಗೆಯುವುದು, ಅಂದರೆ ರೆಂಡರ್ ಮಾಡುವುದು, ಮೇಡಂ ಮತ್ತು ನಮ್ಮ ತಂಡದ ಕೆಲಸ. ಯಡಿಯೂರಿನ ಹಳೇ ಒಕ್ಕಲು ಮನೆತನ ಅವರದು. ಮನೆಗಳಿಂದ ಬಾಡಿಗೆ ಬರುತ್ತಿತ್ತು. "ಆರಾಮಾಗಿ ಮನೇಲಿ ಕೂರ್ಬೋದಲ್ಲ ಮೇಡಂ" ಎಂದರೆ, "ಕೂತ್ರೆ ನಿಮ್ಮನ್ನ ಬೈಯೋರು ಯಾರೇ?" ಎನ್ನುತ್ತಿದ್ದರು. ಬೈಗುಳಕ್ಕೆ ಕೊರತೆಯಿರಲಿಲ್ಲ. "ಹೀರೋ ಇಲ್ಲಿದ್ದಾನೆ, ಅವನ ನೆರಳು ಮೆಜೆಸ್ಟಿಕ್‌ನಲ್ಲಿ ಬಿದ್ದಿದೆ. ಯಾರು ಮಾಡಿದ್ದಿದು?"

ಈಗ ನನ್ನ ಹೊಟ್ಟೆ ಉರಿಸುವ ವಿಷಯಕ್ಕೆ ಬರುತ್ತೇನೆ. ಜೋಡಣೆ, ಬೆಳಕು, ರೆಂಡರ್ ಎಲ್ಲವನ್ನೂ ಅರ್ಧ ಹೊತ್ತಿನಲ್ಲಿ ಮುಗಿಸುವ ಹೊಸ ಸಾಫ್ಟ್‌ವೇರ್ ಬಂದಿದೆ, ಪರೀಕ್ಷೆ ಮಾಡಿ ಹೇಳಿ ಎಂದರು ಮಾಲೀಕರು. ಮಾರಲು ಬಂದವನು ಫಳಫಳ ಹೊಳೆಯುವ ಕಾರಿನ ದೃಶ್ಯ ತಂದಿದ್ದ. ಮೇಡಂ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊಸದೇನೇ ಬಂದರೂ ನಮ್ಮ ಅತ್ಯಂತ ರಗಳೆಯ ಶಾಟನ್ನೇ ಅದಕ್ಕೆ ಕೊಡಬೇಕೆಂಬುದು ಅವರ ಕಟ್ಟಳೆ.

"ಕಾರ್ ಆಮೇಲೆ ಓಡಿಸಪ್ಪ. ಮೊದ್ಲು ನಮ್ಮ ಅಜ್ಜಿನ ತೋರಿಸು."

ಅಜ್ಜಿ ಎಂದರೆ ಆಗ ನಾವು ಮಾಡುತ್ತಿದ್ದ ಸಿನಿಮಾದ ಅಜ್ಜಿ. ಸೌದೆ ಒಲೆಯ ಹೊಗೆಯಲ್ಲಿ ಕೂತ ಮುದುಕಿ, ಕಿಟಕಿಯಿಂದ ಒಂದೇ ಒಂದು ಬಿಸಿಲ ಕೋಲು, ಮುಖದ ತುಂಬ ಸುಕ್ಕು. ಹಳೇ ಸಾಫ್ಟ್‌ವೇರ್ ಆ ಹೊಗೆಗೆ ಏದುಸಿರು ಬಿಡುತ್ತಿತ್ತು. ಹೊಸದು ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಶುಭ್ರವಾದ ಚಿತ್ರ ಕೊಟ್ಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಡಂ ಹುಬ್ಬು ಮಾತ್ರ ಇಳಿಯಲಿಲ್ಲ.

"ಅಜ್ಜಿಗೆ ಯಾರೋ ಇಸ್ತ್ರಿ ಹಾಕಿದ್ದಾರೆ" ಎಂದರು.

ಕೆದಕಿ ಕೇಳಿದಾಗ ಮಾರುವವನು ಬಾಯಿಬಿಟ್ಟ. ಚಿತ್ರದ ಮೇಲೆ ಏಳುವ ಚುಕ್ಕಿಗಳನ್ನು ಒರೆಸುವ ಡಿನಾಯ್ಸರನ್ನು ವಿಪರೀತ ಏರಿಸಿಟ್ಟಿದ್ದ. ಅದು ಚುಕ್ಕಿಯ ಜೊತೆ ಸುಕ್ಕನ್ನೂ ಒರೆಸಿತ್ತು. ಅದನ್ನು ತೆಗೆಸಿದರೆ ಅಜ್ಜಿಯ ಮುಖಕ್ಕೆ ರವೆ ಎರಚಿದ ಹಾಗಾಯಿತು. ಆ ರವೆ ಹೋಗಬೇಕೆಂದರೆ ಹಳೆಯದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

"ಪಿಕ್ಚರ್ ನೋಡೋರು ಸುಕ್ಕು ಎಣಿಸ್ತಾರಾ ಮೇಡಂ?" ಎಂದು ಮಾಲೀಕರು ನಕ್ಕರು.

"ಎಣಿಸಲ್ಲ ಸಾರ್. ಅಜ್ಜಿನೋ ಮೇಣದ ಬೊಂಬೆನೋ ಅನ್ನೋದು ಮಾತ್ರ ಗೊತ್ತಾಗುತ್ತೆ."

ಆಗ ಮಾಲೀಕರು ಮೆಲ್ಲಗೆ ನಿಜ ಹೇಳಿದರು. ಒಪ್ಪಂದ ಆಗಲೇ ಮುಗಿದಿತ್ತು. ಮೇಡಂ ಒಂದು ಹೂಂ ಅಂದುಬಿಟ್ಟರೆ ಉಳಿದವರ ಬಾಯಿ ಮುಚ್ಚಿಸಬಹುದು, ಅಷ್ಟೇ. ಹಾಗಾದರೆ ನಮ್ಮನ್ನು ಯಾವ ಸಂಭ್ರಮಕ್ಕೆ ಪರೀಕ್ಷೆಗೆ ಕೂರಿಸಿದರು? ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೇಡಂ ಶಾಲು ಮಡಚುತ್ತಾ ಹೇಳಿದರು: "ಸ್ಟುಡಿಯೋ ನಿಮ್ದು ಸಾರ್, ಏನ್ ಬೇಕಾದ್ರೂ ತಗೊಳ್ಳಿ. ಆದ್ರೆ ನಾನು ಬೇಡ ಅಂದೆ. ನಾನು ಒಪ್ಪಿದೆ ಅಂತ ಎಲ್ಲೂ ಹೇಳ್ಬೇಡಿ."

ತಂದೇ ತಂದರು. ಮೇಣದ ಮುಖಗಳು ನಿರ್ದೇಶಕರಿಂದ ಹಾಗೇ ವಾಪಸ್ ಬಂದವು. ಮೇಡಂ ಕೆಲಸ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ನಮ್ಮ ಪಕ್ಕ ಕೂತು ಒಂದೊಂದನ್ನೂ ತಿದ್ದಿಸಿದರು. ನಾನು ಗೊಣಗಿದಾಗ, "ಅವ್ರ ಮೇಲಿನ ಸಿಟ್ಟು ಅಜ್ಜಿ ಮೇಲ್ಯಾಕೆ ತೋರಿಸ್ತೀಯೇ, ಕೂತ್ಕೋ" ಎಂದು ಗದರಿದರು. ನನಗೆ ನೋಡುವುದನ್ನು ಕಲಿಸಿದವರು ಅವರು. ದೊಡ್ಡವರ ಎದುರು ಬೇಡ ಎನ್ನುವುದನ್ನೂ ಅವರಿಂದಲೇ ಕಲಿತೆ.

ಕಳೆದ ವರ್ಷ ಹೃದಯಾಘಾತವಾಗಿ ಹೋಗಿಯೇಬಿಟ್ಟರು. ಸ್ಟುಡಿಯೋದಲ್ಲಿ ಸಂತಾಪ ಸಭೆ ಇಟ್ಟರು. ಮುಂದಿನ ಸಾಲಿನಲ್ಲಿ ಮೇಡಂ ಗಂಡ, ಅವರ ಪಕ್ಕದಲ್ಲೇ ಸಾಫ್ಟ್‌ವೇರ್ ಮಾರಿದವನು. ಮಾಲೀಕರು ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡರು.

"ಇವತ್ತು ನಾವೆಲ್ಲ ಬಳಸ್ತಿರೋ ಸಾಫ್ಟ್‌ವೇರನ್ನ ಪರೀಕ್ಷೆ ಮಾಡಿ, ಮೆಚ್ಚಿ, ನಮಗೆ ಆರಿಸಿಕೊಟ್ಟೋರು ನಮ್ಮ ಮೇಡಂ."

ಥೂ! ಸತ್ತವರ ಬಾಯಿಗೆ ಮಾತು ತುರುಕುವುದಕ್ಕೂ ಒಂದು ಮಿತಿ ಬೇಡವೇ? ನಾನು ಎದ್ದು ನಿಂತೆ.

"ಸುಳ್ಳು ಸಾರ್. ಅವ್ರು ಬೇಡ ಅಂದಿದ್ರು."

"ಕೂತ್ಕೊಳಮ್ಮ. ಇದು ಆ ಮಾತಿಗೆ ಸಮಯ ಅಲ್ಲ."

ಕೂರಲಿಲ್ಲ. ಅಜ್ಜಿಯ ಮುಖಕ್ಕೆ ಇಸ್ತ್ರಿ ಹಾಕಿದ್ದನ್ನು, ಆ ದಿನ ಮೇಡಂ ಆಡಿದ್ದನ್ನು ಅವರ ಮಾತಿನಲ್ಲೇ ಹೇಳಿದೆ. ಮಾಲೀಕರು ಮೈಕ್ ಕೆಳಗಿಟ್ಟರು. ಮೇಡಂ ಗಂಡ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು.

"ಇನ್ನೊಂದ್ಸಲ ಹೇಳಮ್ಮ" ಎಂದರು. "ಅವಳೇ ಮಾತಾಡ್ದಂಗಿದೆ."