ದಮಯಂತಿ ಅಕ್ಕನ ಪ್ರಶ್ನೆ

ಪ್ರವೇಶದ ಅರ್ಜಿಯಲ್ಲಿ ‘ಸಂಜ್ಞಾ ಭಾಷೆಯ ಪರಿಚಯ ಇದೆಯೇ?’ ಎಂಬ ಸಾಲಿನ ಮುಂದೆ ಕಾಂತಿ ‘ಇದೆ, ಚಿಕ್ಕಂದಿನಿಂದ’ ಎಂದು ಬರೆದಿದ್ದಳು. ಬರೆಯುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು. ನಲವತ್ತಮೂರರ ಪ್ರಾಯದಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಮಾಡಲು ಹೊರಟವಳಿಗೆ, ಮಗಳಾಗಬಹುದಾದ ವಯಸ್ಸಿನ ಹುಡುಗಿಯರ ಪಕ್ಕದಲ್ಲಿ ಬೆಂಚಿನ ಮೇಲೆ ಕೂರಲು ಅಷ್ಟಾದರೂ ಧೈರ್ಯ ಬೇಕಿತ್ತು.

ಕಾಂತಿ ವೇಣೂರಿನವಳು. ಗುರುವಾಯನಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಹದಿನಾರು ವರ್ಷಗಳಿಂದ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆ ಶಾಲೆಯ ಒಂದನೇ ತರಗತಿಗೆ ಪ್ರಾಪ್ತಿ ಎಂಬ ಮಗು ಸೇರಿತು. ಹುಟ್ಟಿನಿಂದಲೇ ಕಿವಿ ಕೇಳದ ಮಗು. ಮುಖ್ಯೋಪಾಧ್ಯಾಯಿನಿ ಹೆಚ್ಚು ಯೋಚಿಸಲಿಲ್ಲ.

“ನಿಮ್ಮ ಅಕ್ಕನಿಗೂ ಕಿವಿ ಕೇಳುವುದಿಲ್ಲ ಅಲ್ವಾ ಕಾಂತಿ ಟೀಚರ್? ನಿಮಗೆ ಅಭ್ಯಾಸ ಉಂಟು. ಇವಳು ನಿಮ್ಮ ಕ್ಲಾಸಿನಲ್ಲೇ ಇರ್ಲಿ.”

ಅಭ್ಯಾಸವೇನೋ ಇತ್ತು. ಊಟ, ನೀರು, ಬಾ, ಕೂತುಕೋ ಎನ್ನುವಷ್ಟನ್ನು ಮಗು ಒಂದೇ ದಿನದಲ್ಲಿ ಕಲಿತಿತು. ಅದರಾಚೆಗೆ ಏನು ಹೇಳುವುದೆಂದು ಕಾಂತಿಗೆ ತಿಳಿಯಲಿಲ್ಲ. ‘ನಿನ್ನೆ’ ಎಂಬುದನ್ನು ಕೈಯಲ್ಲಿ ತೋರಿಸುವುದು ಹೇಗೆ? ‘ಯಾಕೆ’ ಎಂಬುದನ್ನು? ವರ್ಷದ ಕೊನೆಗೆ ಪ್ರಾಪ್ತಿಯ ಪುಸ್ತಕ ತೆರೆದು ನೋಡಿದರೆ ಕಪ್ಪುಹಲಗೆಯ ಮೇಲಿದ್ದದ್ದೆಲ್ಲ ಮುತ್ತಿನಂಥ ಅಕ್ಷರಗಳಲ್ಲಿ ಇಳಿದಿತ್ತು. ಒಂದು ಪದದ ಅರ್ಥವೂ ಆ ಮಗುವಿಗೆ ಗೊತ್ತಿರಲಿಲ್ಲ. ಪುಸ್ತಕದ ಕೊನೆಗೆ ‘ತುಂಬಾ ಚೆನ್ನಾಗಿದೆ’ ಎಂದು ಬರೆದು ತಾನೇ ಹಾಕಿದ ಸಹಿಯನ್ನು ನೋಡಿ ಕಾಂತಿಗೆ ನಾಚಿಕೆಯಾಯಿತು. ಅದೇ ಬೇಸಗೆ ರಜೆಯಲ್ಲಿ ಮೂಡುಬಿದಿರೆಯ ಕಾಲೇಜಿನಿಂದ ಅರ್ಜಿ ತಂದಳು.

“ಈ ಪ್ರಾಯದಲ್ಲಿ ಪರೀಕ್ಷೆ ಬರೀಲಿಕ್ಕುಂಟಾ ಮಾರಾಯ್ತಿ?” ಎಂದು ಗಂಡ ಭೋಜ ನಕ್ಕ. ಆದರೆ ಮರುದಿನ ಪೇಟೆಯಿಂದ ಬರುವಾಗ ಆರು ನೋಟ್‌ಪುಸ್ತಕ ತಂದಿಟ್ಟ.

ಸಂಜ್ಞಾ ಭಾಷೆಯ ಮೊದಲ ತರಗತಿಗೆ ಬಂದವನು ಅಬ್ದುಲ್ ನಾಸಿರ್. ಬಂಟ್ವಾಳದವನು, ಮೂವತ್ತರ ಆಸುಪಾಸು, ಸ್ವತಃ ಕಿವುಡ. ಬೋರ್ಡಿನ ಮೇಲೆ ‘ಎರಡು ಗಂಟೆ ಬಾಯಿ ಇಲ್ಲ’ ಎಂದು ಬರೆದು, ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿದ. ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೈಯಲ್ಲೇ ಹೇಳಬೇಕು. ಹುಡುಗಿಯರು ತಡಬಡಾಯಿಸಿ ನಕ್ಕರು. ಕಾಂತಿ ಸಲೀಸಾಗಿ ಎದ್ದಳು. ಗಂಡನನ್ನು ಮೀಸೆ ತಿರುವಿ ತೋರಿಸಿದಳು. ಅಕ್ಕನನ್ನು ತೋರಿಸಲು, ಮನೆಯಲ್ಲಿ ಎಲ್ಲರೂ ಮಾಡುವ ಹಾಗೆ, ಕಿವಿಯನ್ನು ಮುಟ್ಟಿ ಅಂಗೈ ಅಲ್ಲಾಡಿಸಿದಳು. ಕಿವಿ, ಇಲ್ಲ.

ನಾಸಿರ್ ಬೋರ್ಡಿನ ಮೂಲೆಯಲ್ಲಿ ಬರೆದ: ‘ಇದು ಹೆಸರಲ್ಲ. ಅವರಿಗೆ ಏನು ಇಲ್ಲ ಅಂತ ಹೇಳಿದಿರಿ. ಹೆಸರು?’

ಹೆಸರಿನ ಸಂಜ್ಞೆ ಇರಲಿಲ್ಲ. ಐವತ್ತೊಂದು ವರ್ಷಗಳಲ್ಲಿ ಯಾರೂ ಇಟ್ಟಿರಲಿಲ್ಲ. ಕಾಂತಿ ಕುಳಿತುಕೊಂಡಳು.

ಅಕ್ಕ ದಮಯಂತಿಗೆ ಎರಡು ವರ್ಷವಿದ್ದಾಗ ಜೋರು ಜ್ವರ ಬಂದು ಕಿವಿ ಹೋಗಿತ್ತು. ಶಾಲೆಗೆ ಕಳಿಸಲಿಲ್ಲ, ಎಲ್ಲಿಗೆ ಕಳಿಸಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಮಾಡಿದ ಕೈಸನ್ನೆಗಳೇ ಮನೆಯ ಭಾಷೆ, ಒಟ್ಟು ಒಂದು ನೂರು ಇರಬಹುದು. ಎಂಟು ವರ್ಷ ಕಿರಿಯವಳಾದ ಕಾಂತಿ ಮಾತು ಕಲಿತ ದಿನದಿಂದ ಅಕ್ಕನ ಬಾಯಿಯಾದಳು. ಅಕ್ಕ ಹೊಲಿಗೆ ಕಲಿತು ಊರಿಗೆಲ್ಲ ರವಕೆ ಹೊಲಿದುಕೊಟ್ಟಳು. ಅಳತೆಯ ಮಾತು, ಗಿರಾಕಿಗಳ ಮಾತು, ಡಾಕ್ಟರರ ಹತ್ತಿರದ ಮಾತು ಎಲ್ಲ ಕಾಂತಿಯದೇ. ಯಾರಾದರೂ ‘ಅಕ್ಕ ಹೇಗಿದ್ದಾಳೆ?’ ಎಂದು ಕೇಳಿದರೆ ಅಕ್ಕನ ಕಡೆ ತಿರುಗಿ ನೋಡುವ ಅಗತ್ಯವೂ ಕಾಂತಿಗೆ ಕಾಣುತ್ತಿರಲಿಲ್ಲ. ಉತ್ತರ ಗೊತ್ತೇ ಇರುತ್ತಿತ್ತಲ್ಲ!

ಮೊದಲ ವರ್ಷದ ಕೊನೆಯಲ್ಲಿ ಒಬ್ಬ ಕಿವುಡ ವ್ಯಕ್ತಿಯ ಜೀವನದ ಅಧ್ಯಯನ ಬರೆದು ಒಪ್ಪಿಸಬೇಕಿತ್ತು. ಬೇರೆಯವರು ಜನ ಹುಡುಕಿಕೊಂಡು ಅಲೆಯುತ್ತಿದ್ದಾಗ ಕಾಂತಿ ನಾಲ್ಕೇ ದಿನದಲ್ಲಿ ಇಪ್ಪತ್ತೆರಡು ಪುಟ ಬರೆದು ಕೊಟ್ಟಳು. ವಿಭಾಗದ ಅಧ್ಯಾಪಕಿ ಶುಭಶ್ರೀ ಅದನ್ನು ಓದಿ ಕಾಂತಿಯನ್ನು ಕರೆದರು. ಕಾಂತಿಗಿಂತ ಹತ್ತು ವರ್ಷ ಸಣ್ಣವರು, ಮೃದು ಮಾತಿನವರು.

“ಚಂದ ಬರೆದಿದ್ದೀರಿ ಕಾಂತಿಯವರೇ. ಆದರೆ ಒಂದು ವಿಷಯ. ಇದೆಲ್ಲ ಅಕ್ಕನ ಬಗ್ಗೆ ನೀವು ಹೇಳಿದ್ದು. ಅಕ್ಕ ಹೇಳಿದ್ದು ಎಲ್ಲುಂಟು?”

“ಅವಳು ಏನು ಹೇಳ್ತಾಳೆ ಮೇಡಂ? ನನಗೆ ಅವಳ ವಿಷಯ ಎಲ್ಲ ಗೊತ್ತುಂಟು.”

“ಇರಬಹುದು. ಒಮ್ಮೆ ಕರ್ಕೊಂಡು ಬನ್ನಿ, ಆಯ್ತಾ? ಶನಿವಾರ ನಾಸಿರ್ ಸರ್ ಇರ್ತಾರೆ.”

ಕಾಂತಿಗೆ ಒಳಗೊಳಗೇ ಸಿಟ್ಟು ಬಂತು. ಆದರೂ ಶನಿವಾರ ಬೆಳಿಗ್ಗೆ ಅಕ್ಕನಿಗೆ ಇಸ್ತ್ರಿ ಮಾಡಿದ ಸೀರೆ ಉಡಿಸಿ ಬಸ್ಸು ಹತ್ತಿಸಿದಳು. ಎಲ್ಲಿಗೆ, ಯಾಕೆ ಎಂದು ಹೇಳಲು ಅವಳ ಹತ್ತಿರ ಇದ್ದದ್ದು ಎರಡೇ ಸನ್ನೆ: ಪುಸ್ತಕ, ಹೋಗುವ. ಅಕ್ಕ ಚೀಲದಲ್ಲಿ ಒಂದು ಅರ್ಧ ಹೊಲಿದ ರವಕೆ, ಸೂಜಿ, ದಾರ ಇಟ್ಟುಕೊಂಡಳು. ತಂಗಿ ಓದುವಷ್ಟು ಹೊತ್ತು ಎಲ್ಲಾದರೂ ಕುಳಿತು ಕೊಕ್ಕೆ ಹಾಕುವ ಅಂದಾಜು.

ನಾಸಿರ್ ಪುಸ್ತಕದ ಸಂಜ್ಞೆಗಳನ್ನು ಬದಿಗಿಟ್ಟ. ಅಕ್ಕನ ಎದುರು ಕುಳಿತು ಮೊದಲು ರವಕೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಅಂಗಿಯ ಬಿಟ್ಟುಹೋದ ಹೊಲಿಗೆಯನ್ನು ತೋರಿಸಿ ಅಳುವ ಮುಖ ಮಾಡಿದ. ಅಕ್ಕ ನಕ್ಕಳು. ಆಮೇಲೆ ಅವನು ಮುಖ, ಮೈ, ಕೈ ಎಲ್ಲ ಸೇರಿಸಿ ಏನೋ ಕೇಳಿದ. ಅಕ್ಕ ಏನೋ ಹೇಳಿದಳು. ಕಾಗದದ ಮೇಲೆ ಚಿತ್ರ ಬರೆದರು, ಅಳಿಸಿದರು, ಮತ್ತೆ ಬರೆದರು. ಅಕ್ಕನ ಕೈಗಳು ಅಷ್ಟು ವೇಗವಾಗಿ ಓಡಿದ್ದನ್ನು ಕಾಂತಿ ನೋಡಿಯೇ ಇರಲಿಲ್ಲ. ಗುಂಡುಸೂಜಿಗಳನ್ನು ತುಟಿಯ ತುದಿಯಲ್ಲಿ ಕಚ್ಚಿಕೊಳ್ಳುವ ಅವಳ ಅಭ್ಯಾಸವನ್ನು ಗಮನಿಸಿ, ನಾಸಿರ್ ಎರಡು ಬೆರಳುಗಳನ್ನು ಬಾಯಂಚಿಗೆ ತಂದು ಚಿವುಟಿದ ಹಾಗೆ ಮಾಡಿ, ಅವಳ ಕಡೆ ತೋರಿಸಿದ. ಇನ್ನು ಇದು ನಿಮ್ಮ ಹೆಸರು. ಅಕ್ಕ ಅದನ್ನು ಮೂರು ಸಲ ಮಾಡಿ ನೋಡಿದಳು. ಮತ್ತೆ ಗಟ್ಟಿಯಾಗಿ ನಕ್ಕಳು. ಮನೆಯಲ್ಲಿ ಹಾಗೆ ನಕ್ಕರೆ ಯಾರಾದರೂ ಅವಳ ಕೈ ಅದುಮಿ ‘ಮೆಲ್ಲಗೆ’ ಎನ್ನುತ್ತಿದ್ದರು.

ಕಾಂತಿ ಕಿಟಕಿಯ ಹತ್ತಿರ ನಿಂತಿದ್ದಳು. ತನ್ನದೇ ಅಕ್ಕನ ಮಾತು ತನಗೆ ಅರ್ಥವಾಗದೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಒಂದು ಗಂಟೆ ಕಳೆದಿರಬೇಕು. ನಾಸಿರನ ಮುಖ ಬದಲಾಯಿತು. ಅವನು ಅಕ್ಕನಿಗೆ ಏನನ್ನೋ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡು ಶುಭಶ್ರೀಯವರ ಕಡೆ ತಿರುಗಿದ. ಅವರು ಅವನ ಕೈಗಳನ್ನು ನೋಡುತ್ತ ನಿಧಾನವಾಗಿ ಹೇಳಿದರು:

“ಕಾಂತಿಯವರೇ, ನಿಮ್ಮ ಅಕ್ಕ ಒಂದು ಪ್ರಶ್ನೆ ಕೇಳ್ತಾ ಇದ್ದಾರೆ. ಅಮ್ಮನಿಗೆ ಕೊಟ್ಟ ಗಂಜಿಯಲ್ಲಿ ತನ್ನಿಂದ ಏನು ತಪ್ಪಾಯ್ತು ಅಂತ.”

ಕಾಂತಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು.

ಕೊರೊನಾದ ಎರಡನೇ ವರ್ಷದ ಮೇ ತಿಂಗಳು. ಅಮ್ಮನಿಗೆ ಜ್ವರ. ಆ ದಿನ ಬೆಳಿಗ್ಗೆ ಅಕ್ಕ ಗಂಜಿ ಮಾಡಿ ಚಮಚದಲ್ಲಿ ಕುಡಿಸಿದ್ದಳು. ಅಮ್ಮ ವಾಂತಿ ಮಾಡಿಕೊಂಡರು, ಉಸಿರು ಮೇಲೆ ಕೆಳಗೆ ಆಯಿತು. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಮುಚ್ಚಿದವರು ಬಂದು ಎತ್ತಿಕೊಂಡು ಹೋದರು. ಒಂಬತ್ತನೇ ದಿನ ಮಂಗಳೂರಿನ ಆಸ್ಪತ್ರೆಯಲ್ಲಿ ಅಮ್ಮ ತೀರಿಕೊಂಡರು. ಅಂತ್ಯಕ್ರಿಯೆಯೂ ಅಲ್ಲೇ ಮುಗಿಯಿತು. ಪರೀಕ್ಷೆಯಲ್ಲಿ ಅಕ್ಕನಿಗೂ ಸೋಂಕು ಇದೆಯೆಂದು ಬಂದದ್ದರಿಂದ ಹದಿನಾಲ್ಕು ದಿನ ಅವಳನ್ನು ಹಿಂದಿನ ಕೋಣೆಯಲ್ಲಿ ಇರಿಸಿದರು. ಬಟ್ಟಲನ್ನು ಹೊಸ್ತಿಲಲ್ಲಿಟ್ಟು, ಮುಖ ಮುಚ್ಚಿಕೊಂಡು ದೂರ ಸರಿಯುತ್ತಿದ್ದವಳು ಕಾಂತಿಯೇ. ಕಡೆಗೆ ಬಾಗಿಲು ತೆರೆದಾಗ ಅಮ್ಮ ಇಲ್ಲವೆಂದು ಕೈ ಮೇಲೆತ್ತಿ ತೋರಿಸಿ ಅತ್ತಿದ್ದಳು. ಅಷ್ಟೇ ಹೇಳಿದ್ದು.

ಅಂದಿನಿಂದ ಅಕ್ಕ ಯಾರಿಗೂ ಕೈಯಾರೆ ಬಡಿಸಿರಲಿಲ್ಲ. ತರಕಾರಿ ಹೆಚ್ಚಿಕೊಡುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಒಲೆಯ ಹತ್ತಿರ ಬರುತ್ತಿರಲಿಲ್ಲ. ‘ಅಕ್ಕನಿಗೆ ಪ್ರಾಯ ಆಯ್ತು, ಆಗುವುದಿಲ್ಲ’ ಎಂದು ಭೋಜನಿಗೆ ಕಾಂತಿಯೇ ಹೇಳಿದ್ದಳು. ತಾನೇ ಅಮ್ಮನನ್ನು ಕೊಂದೆನೆಂದು, ಅದಕ್ಕೇ ಕೋಣೆಯಲ್ಲಿ ಕೂಡಿ ಹಾಕಿದರೆಂದು ಅಕ್ಕ ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದಳು.

“ಸರ್, ನೀವೇ ಹೇಳಿ ಅವಳಿಗೆ, ಹಾಗಲ್ಲ ಅಂತ,” ಎಂದು ಕಾಂತಿ ಅಳುತ್ತ ಕೈಮುಗಿದಳು. ಶುಭಶ್ರೀ ಅದನ್ನು ಅವನಿಗೆ ಕೈಯಲ್ಲಿ ತಿಳಿಸಿದರು.

ನಾಸಿರ್ ತಲೆಯಲ್ಲಾಡಿಸಿದ. ಕಾಂತಿಯ ಎರಡೂ ಕೈಗಳನ್ನು ತೋರಿಸಿದ. ನೀವು ಹೇಳಿ, ನಾನು ಇದ್ದೇನೆ.

ಕಾಂತಿ ಅಕ್ಕನ ಎದುರು ನೆಲದ ಮೇಲೆ ಕುಳಿತಳು. ಕಲಿತ ಸಂಜ್ಞೆಗಳಲ್ಲಿ ಅರ್ಧ ಮರೆತೇ ಹೋಗಿತ್ತು. ಅಮ್ಮ ಕೆಮ್ಮಿದ್ದನ್ನು ತೋರಿಸಿದಳು. ಅದರ ಮುಂದಿನ ತಿಂಗಳು ತಾನು ಕೆಮ್ಮಿದ್ದು, ಭೋಜ ಕೆಮ್ಮಿದ್ದು. ದುಬೈಯಲ್ಲಿರುವ ತಮ್ಮ ರೋಹಿತ್ ಮುಖ ಮುಚ್ಚಿಕೊಂಡೇ ವಿಡಿಯೊ ಕಾಲ್ ಮಾಡುತ್ತಿದ್ದದ್ದು. ಆಮೇಲೆ ಊರಿನವರು: ಕುಂಟುತ್ತ ನಡೆಯುತ್ತಿದ್ದ ಅಕ್ಕಿ ಗಿರಣಿಯವರು, ದಪ್ಪ ಕನ್ನಡಕದ ಅಂಚೆಯವರು, ಯಾವಾಗಲೂ ಹಸಿರು ಸೀರೆಗೆ ಹಸಿರೇ ರವಕೆ ಹೊಲಿಸುತ್ತಿದ್ದ ಗಿರಾಕಿ. ಒಬ್ಬೊಬ್ಬರನ್ನೂ ನಟಿಸಿ ತೋರಿಸಿ ಅಂಗೈಯನ್ನು ಅಡ್ಡ ಮಲಗಿಸಿದಳು. ಅವರೆಲ್ಲ ಕಾಣೆಯಾದದ್ದು ಅಕ್ಕನಿಗೆ ಗೊತ್ತಿತ್ತು. ಎಲ್ಲರೂ ಒಂದೇ ಕಾರಣಕ್ಕೆ ಹೋದರೆಂಬುದು ಗೊತ್ತಿರಲಿಲ್ಲ. ಆ ವರ್ಷ ಇನ್ನೂರು ಮಾಸ್ಕ್ ಹೊಲಿದವಳು ಅವಳೇ, ಧೂಳಿಗೆಂದು ತಿಳಿದಿದ್ದಳು.

ಕೊನೆಗೆ ಕಾಂತಿ ಕೋಣೆ, ಬಾಗಿಲು, ಹದಿನಾಲ್ಕು ದಿನ ಎಂದು ತೋರಿಸಿ, ಅಕ್ಕನ ಎದೆಯ ಮೇಲೆ ಕೈಯಿಟ್ಟು ಕೆಮ್ಮಿದಳು. ನಿನಗೂ ಬಂದಿತ್ತು. ಶಿಕ್ಷೆ ಅಲ್ಲ. ಗಂಜಿ ಅಲ್ಲ. ನೀನು ಅಲ್ಲ. ಈ ‘ಅಲ್ಲ’ವನ್ನು ಅವಳು ಎಷ್ಟು ಸಲ ಮಾಡಿದಳೋ ಲೆಕ್ಕವಿಲ್ಲ.

ಅಕ್ಕ ನಾಸಿರನನ್ನು ನೋಡಿದಳು. ಅವನು ಹೌದೆಂದ. ಅವಳು ತಂಗಿಯ ತೋಳಿಗೆ ರಪ್ಪನೆ ಒಂದು ಹೊಡೆದಳು. ಮತ್ತೊಂದು. ಆಮೇಲೆ ಅದೇ ತೋಳನ್ನು ಹಿಡಿದು ಎಳೆದು, ತಂಗಿಯ ತಲೆಯನ್ನು ಮಡಿಲಿಗೆ ಒತ್ತಿಕೊಂಡಳು. ಶುಭಶ್ರೀ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಪ್ರಶ್ನೆಗಳು ನಿಲ್ಲಲಿಲ್ಲ. ಅಮ್ಮನಿಗೆ ನೋವಾಯಿತೇ? ಹತ್ತಿರ ಯಾರಿದ್ದರು? ನನ್ನನ್ನು ಕೇಳಿದರೇ? ಹೊಸಂಗಡಿ ಬಂದಾಗ ಕಾಂತಿಗೆ ನೆನಪಾಯಿತು: ಕೊನೆಯ ಸಲ ನರ್ಸ್ ಫೋನ್ ಹಿಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು, “ದಮಯಂತಿ ಊಟ ಮಾಡಿದ್ಳಾ?” ಅದನ್ನು ಅಕ್ಕನಿಗೆ ತಲುಪಿಸಬಹುದೆಂದು ಅವಳಿಗೆ ಆಗ ಹೊಳೆದಿರಲೇ ಇಲ್ಲ. ಈಗ ಹೇಳಿದಳು. ಅಮ್ಮ, ಫೋನು, ಬೆರಳುಗಳನ್ನು ಬಾಯಂಚಿಗೆ ತಂದು ಅಕ್ಕನ ಹೊಸ ಹೆಸರು, ಊಟ, ಆಯಿತಾ? ಅಕ್ಕ ಕಿಟಕಿಯ ಕಡೆ ತಿರುಗಿದಳು. ಟಿಕೆಟಿಗೆಂದು ಬಂದ ಕಂಡಕ್ಟರ್ ಎರಡು ಸಲ ಕೇಳಿ, ಇಬ್ಬರ ಮುಖವನ್ನೂ ನೋಡಿ, ಮುಂದಿನ ಸೀಟಿಗೆ ಹೋದ.

ಮರುದಿನ ಭಾನುವಾರ. ಕಾಂತಿ ಏಳುವಾಗ ಒಲೆಯ ಮೇಲೆ ಗಂಜಿ ಬೇಯುತ್ತಿತ್ತು. ಅಕ್ಕ ಭೋಜನಿಗೆ ಬಟ್ಟಲಲ್ಲಿ ಬಡಿಸಿ, ಅವನು ಮೊದಲ ತುತ್ತು ಉಣ್ಣುವವರೆಗೂ ಎದುರೇ ನಿಂತಳು. “ಇದೆಂಥದು, ಪರೀಕ್ಷೆ ನನಗಾ?” ಎಂದು ಅವನು ಕಾಂತಿಯನ್ನು ಕೇಳಿದ. ಆಮೇಲೆ ಎರಡನೇ ಸಲ ಹಾಕಿಸಿಕೊಂಡ.

ಕಾಂತಿ ಆ ಇಪ್ಪತ್ತೆರಡು ಪುಟಗಳನ್ನು ಬದಿಗಿಟ್ಟು ಹೊಸದಾಗಿ ಬರೆದಳು. ಒಂಬತ್ತೇ ಪುಟ ಬಂತು. ಅಕ್ಕ ಹೇಳಿದ್ದು, ಅಕ್ಕ ಹೇಳಿದ ಕ್ರಮದಲ್ಲೇ. ಗೊತ್ತಾಗದ ಕಡೆಗಳಲ್ಲಿ ‘ಇದು ನನಗೆ ಅರ್ಥವಾಗಲಿಲ್ಲ’ ಎಂದೇ ಬರೆದಳು. ಅಕ್ಕ ಶನಿವಾರ ಶನಿವಾರ ಕಾಲೇಜಿಗೆ ಬರತೊಡಗಿದಳು. ಹುಡುಗಿಯರು ಅವಳ ಹತ್ತಿರ ಸಂಜ್ಞೆ ಅಭ್ಯಾಸ ಮಾಡುತ್ತಿದ್ದರು. ಅವಳು ಅವರ ಚೂಡಿದಾರದ ತೋಳು ಸಣ್ಣ ಮಾಡಿಕೊಡುತ್ತಿದ್ದಳು, ತಪ್ಪು ಮಾಡಿದವರ ಬೆರಳುಗಳನ್ನು ಹಿಡಿದು ಸರಿ ಕೂರಿಸುತ್ತಿದ್ದಳು.

ಎರಡನೇ ವರ್ಷದ ಪಾಠಾಭ್ಯಾಸಕ್ಕೆ ಕಾಂತಿ ತನ್ನ ಶಾಲೆಯನ್ನೇ ಆರಿಸಿಕೊಂಡಳು. ಪ್ರಾಪ್ತಿ ಆಗ ಮೂರನೇ ತರಗತಿ. ಹತ್ತು ದಿನ ‘ಯಾಕೆ’ ಎಂಬುದನ್ನು ತೋರಿಸಿದರೂ ಮಗು ಸುಮ್ಮನೆ ಅನುಕರಿಸುತ್ತಿತ್ತು. ಹನ್ನೊಂದನೇ ದಿನ ಅದು ಕಾಂತಿಯ ಕಿವಿಯ ಪಕ್ಕದ ಕೂದಲನ್ನು ಎಳೆದು, ಬಿಳಿ ಎಂದು ತೋರಿಸಿ, ಯಾಕೆ ಎಂದು ಕೇಳಿತು. ಕಾಂತಿ ಪಾಠದ ಯೋಜನೆಯನ್ನು ಮಡಚಿಟ್ಟು ಅರ್ಧ ಗಂಟೆ ತನ್ನ ಬಿಳಿ ಕೂದಲಿನ ಕಥೆಯನ್ನೇ ಹೇಳಿದಳು. ಈಗ ಅವಳು ಅದೇ ಶಾಲೆಯಲ್ಲಿ ವಿಶೇಷ ಶಿಕ್ಷಕಿ. ಪ್ರಾಪ್ತಿಯ ಜೊತೆಗೆ ಇನ್ನೂ ಇಬ್ಬರು ಮಕ್ಕಳು ಬಂದಿದ್ದಾರೆ.

ಈ ವರ್ಷ ಜನವರಿಯಲ್ಲಿ ಬಂಟ್ವಾಳದಲ್ಲಿ ನಾಸಿರನ ಮದುವೆ ಆಯಿತು. ಆಮಂತ್ರಣ ಬಂದದ್ದು ಅಕ್ಕನ ಹೆಸರಿಗೆ. ಕಾಂತಿಗೆ ಅಂದೇ ಶಾಲಾ ವಾರ್ಷಿಕೋತ್ಸವ. ಅಕ್ಕ ಒಬ್ಬಳೇ ಗುರುವಾಯನಕೆರೆಯಲ್ಲಿ ಬಸ್ಸು ಬದಲಾಯಿಸಿ, ಮಡಂತ್ಯಾರಿನ ದಾರಿಯಲ್ಲಿ ಹೋದಳು. ಸಂಜೆ ಆರು ಗಂಟೆಗೆ ವಿಡಿಯೊ ಕಾಲ್ ಬಂತು. ಹಾಲ್ ತುಂಬ ಜನ, ಎಲ್ಲರ ಕೈಗಳೂ ಆಡುತ್ತಿದ್ದವು. ಅಕ್ಕ ಪಕ್ಕದಲ್ಲಿದ್ದ ತನ್ನ ಪ್ರಾಯದ ಒಬ್ಬ ಹೆಂಗಸನ್ನು ಎಳೆದು ತೋರಿಸಿ ಏನೋ ಹೇಳಿದಳು. ಕಾಂತಿಗೆ ಅರ್ಥವಾಗಲಿಲ್ಲ. ಅಕ್ಕ ಮತ್ತೊಮ್ಮೆ, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಇವಳು ನಫೀಸಮ್ಮ. ಇವಳೂ ಹೊಲಿಗೆಯವಳು. ಇವಳ ಮನೆಯಲ್ಲಿ ಉಳಿಯುತ್ತೇನೆ. ನಾಳೆ ಬರುತ್ತೇನೆ.

ಕಾಂತಿ ಏನಾದರೂ ಹೇಳುವ ಮೊದಲೇ ಫೋನು ಕಟ್ ಆಯಿತು.

“ಎಂಥಂತೆ?” ಎಂದ ಭೋಜ ಅಡುಗೆಮನೆಯಿಂದ.

“ಇವತ್ತು ಬರುವುದಿಲ್ಲವಂತೆ. ಅಲ್ಲಿ ಯಾರದ್ದೋ ಮನೆಯಲ್ಲಿ ಉಳೀತಾಳಂತೆ.”

“ನೀನು ಏನು ಹೇಳಿದೆ?”

“ಅವಳು ನನ್ನ ಹತ್ತಿರ ಕೇಳಲಿಲ್ಲ. ಹೇಳಿದ್ದಷ್ಟೆ.”

ಭೋಜ ಅಕ್ಕಿಯ ಡಬ್ಬಿಯಿಂದ ತೆಗೆದದ್ದರಲ್ಲಿ ಒಂದು ಹಿಡಿಯನ್ನು ಮತ್ತೆ ಒಳಗೆ ಹಾಕಿದ.