ಅಮ್ಮನ ರಕ್ತದಲ್ಲಿ ಹೆಚ್ಚಾದ ಅಯೋಡಿನ್

ಅಮ್ಮ ತಣ್ಣಗಾಗುತ್ತಿದ್ದಳು. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಕಂಬಳಿ ಹೊದ್ದು ಹಜಾರದ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮುಖ ಊದಿಕೊಂಡಿತ್ತು, ಹುಬ್ಬು ಉದುರಿತ್ತು, ದನಿ ಗಂಡಸರ ದನಿಯಂತೆ ದಪ್ಪಗಾಗಿತ್ತು. ಏನಾದರೂ ಕೇಳಿದರೆ ಅವಳ ಉತ್ತರ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತಿತ್ತು. ಅರವತ್ತರ ದಶಕದ ಮಾತು. ಜಯನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ನಾನು ಆಗಷ್ಟೇ ಕಾಲೇಜು ಸೇರಿದ್ದೆ.

ಮನೆಯಲ್ಲಿ ಅಪ್ಪ, ಅಮ್ಮ, ನಾನು, ಜೊತೆಗೆ ಅಪ್ಪನ ತಾಯಿ. ಅಜ್ಜಿಯ ಕಣ್ಣಿಗೆ ಅಮ್ಮನ ಕಾಯಿಲೆ ಬರೀ ಸೋಮಾರಿತನ. "ಮೈ ಬಗ್ಗಿಸಿದ್ರೆ ಎಲ್ಲಾ ಸರಿಹೋಗತ್ತೆ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅಪ್ಪ ಆಫೀಸಿಗೆ ಹೋಗಬೇಕಾದ್ದರಿಂದ ಅಮ್ಮನನ್ನು ಬಸವನಗುಡಿಯ ವಯಸ್ಸಾದ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು.

ಅವರು ಅಮ್ಮನ ಕತ್ತು ಮುಟ್ಟಿ ನೋಡಿ, ರಕ್ತ ತೆಗೆಸಿ, ರಿಪೋರ್ಟು ಬಂದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

"ಕತ್ತಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ ಕಣಮ್ಮ. ಅದು ಮಾಡೋ ರಸದಲ್ಲಿ ಅಯೋಡಿನ್ ಇರತ್ತೆ. ರಕ್ತದಲ್ಲಿ ಆ ಅಯೋಡಿನ್ ಎಷ್ಟಿದೆ ಅಂತ ಅಳೆದರೆ ಗ್ರಂಥಿ ಹೇಗಿದೆ ಅಂತ ಗೊತ್ತಾಗತ್ತೆ. ನಾಲ್ಕರಿಂದ ಎಂಟರೊಳಗಿರಬೇಕು. ನಿಮ್ಮಮ್ಮಂದು ಎರಡಿದೆ."

ಆ ರಸದ ಮಾತ್ರೆ ಶುರುವಾಯಿತು. ಕೆಲವು ವಾರಗಳಲ್ಲಿ ಅಮ್ಮ ಕಂಬಳಿ ಮಡಿಸಿಟ್ಟಳು. ಒಂದು ಬೆಳಗ್ಗೆ ತಾನೇ ಎದ್ದು ಬಂದು ನನ್ನ ಜಡೆ ಹೆಣೆದಳು. ಕಾಲುನೋವು ಮಾತ್ರ ಹಾಗೇ ಇತ್ತು, ಮೀನಖಂಡ ಹಿಡಿದುಕೊಂಡು ನರಳುತ್ತಿದ್ದಳು. ಅದೂ ಹೋದೀತು ಎಂದುಕೊಂಡು ಮತ್ತೆ ರಕ್ತ ಕೊಟ್ಟು ಬಂದೆವು. ಈ ಸಲ ಹನ್ನೊಂದು ಬಂತು.

"ಮಾತ್ರೆ ಜಾಸ್ತಿ ಆಗೋಯ್ತು," ಎಂದರು ಡಾಕ್ಟರು. "ಹೀಗೇ ಬಿಟ್ರೆ ಹೃದಯಕ್ಕೆ ಪೆಟ್ಟು. ಅರ್ಧ ಮಾಡೋಣ." ಆಮೇಲೆ ಅಮ್ಮನ ಕಡೆ ತಿರುಗಿ, "ಕೆಮ್ಮಿನ ಔಷಧಿ, ಟಿಂಚರು, ಮೈಗೆ ಹಚ್ಚೋ ಮುಲಾಮು, ಏನಾದ್ರೂ ಉಪಯೋಗಿಸ್ತಿದೀರಾ?" ಎಂದು ಕೇಳಿದರು. ಅಮ್ಮ ನೆಲ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದಳು.

ಮಾತ್ರೆ ಅರ್ಧವಾದದ್ದೇ ತಡ, ಕಂಬಳಿ ಮತ್ತೆ ಹೊರಬಂತು. ಮುಂದಿನ ರಿಪೋರ್ಟಿನಲ್ಲಿ ಹದಿನಾಲ್ಕು. ಡಾಕ್ಟರು ಹಣೆ ಉಜ್ಜಿಕೊಂಡು ಮಾತ್ರೆಯನ್ನೇ ನಿಲ್ಲಿಸಿದರು. ಕಾಗದದಲ್ಲಿ ಏರುತ್ತಿದ್ದ ಅಮ್ಮ ಮನೆಯಲ್ಲಿ ಇಳಿಯುತ್ತಿದ್ದಳು. ಆ ಕಾಗದ ಹಿಡಿದುಕೊಂಡು ಬಸ್ಸಿನಲ್ಲಿ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅಮ್ಮ ನಾನು ಯಾಕೆ ಅಳುತ್ತಿದ್ದೇನೆಂದೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಅಮ್ಮ ಕಾಫಿಗೆ ಉಪ್ಪು ಹಾಕಿದಳು. ಬಚ್ಚಲಿಗೆ ಹೋದವಳು ಯಾಕೆ ಬಂದೆನೆಂದು ಮರೆತು ಹಂಡೆಯ ಪಕ್ಕ ನಿಂತೇ ಇದ್ದಳು. ಕಾಂಪೌಂಡಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ ಎನ್ನತೊಡಗಿದಳು. "ಹುಚ್ಚಾಸ್ಪತ್ರೆಗೆ ಸೇರಿಸೋ, ಇನ್ನು ನನ್ನ ಕೈಲಿ ಆಗಲ್ಲ," ಎಂದರು ಅಜ್ಜಿ. ಅಪ್ಪ ಬೇಡವೆನ್ನಲಿಲ್ಲ. ಒಮ್ಮೆ ಸೇರಿಸಿಬಿಟ್ಟರೆ ಅಮ್ಮ ಮತ್ತೆ ಮನೆಗೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಕೊನೆಯದಾಗಿ ಒಂದೇ ಒಂದು ಸಲ ಡಾಕ್ಟರಿಗೆ ತೋರಿಸೋಣ, ನೀವೂ ಬನ್ನಿ ಎಂದು ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿದೆ. ಅಮ್ಮ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಅಪ್ಪ ರಜ ಹಾಕಿ ಜಟಕಾ ತಂದರು.

ಡಾಕ್ಟರು ಅಮ್ಮನ ಪಾದವನ್ನು ಕೈಯಲ್ಲಿ ಹಿಡಿದು ಹಿಮ್ಮಡಿಯ ಮೇಲೆ ಪುಟ್ಟ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ಅಲುಗಿತು, ಆದರೆ ಹಿಂದಕ್ಕೆ ಬರುವಾಗ ನಿಧಾನವಾಗಿ ಬಂತು.

"ಕಾಗದ ರಸ ಜಾಸ್ತಿ ಅನ್ನತ್ತೆ, ಈ ಕಾಲು ಕಮ್ಮಿ ಅನ್ನತ್ತೆ," ಎಂದವರು ಇದ್ದಕ್ಕಿದ್ದಂತೆ ತಮ್ಮ ಬೆರಳು ಮೂಸಿಕೊಂಡರು. "ಇದೇನು ವಾಸನೆ? ಏನು ಹಚ್ಚಿದೀರಿ ಇಲ್ಲಿಗೆ?"

ಅಮ್ಮ ಸೀರೆ ಎಳೆದು ಕಾಲು ಮುಚ್ಚಿಕೊಂಡಳು. ನಾನು ಅಪ್ಪನ ಮುಖ ನೋಡಿದೆ.

"ಕರೀ ಮುಲಾಮು, ನೋವಿಗೆ," ಎಂದರು ಅಪ್ಪ. "ನಾನೇ ಉಜ್ಜೋದು ಡಾಕ್ಟ್ರೆ. ಮಾತ್ರೆ ಶುರುವಾದ ಮೇಲೂ ನರಳೋಳು, ನೋಡಕ್ಕಾಗ್ತಿರಲಿಲ್ಲ. ದಿನಾ ಬೆಳಗ್ಗೆ ನಮ್ಮಮ್ಮ ಏಳೋಕ್ಕೆ ಮುಂಚೆ ರೂಮಿನ ಬಾಗಿಲು ಹಾಕ್ಕೊಂಡು ಉಜ್ಜಿಬಿಡ್ತಿದ್ದೆ. ಈಚೀಚೆಗೆ ಜಾಸ್ತೀನೇ ಹಚ್ತಿದೀನಿ."

"ಅದರಲ್ಲಿರೋದೇ ಅಯೋಡಿನ್ನು ಸ್ವಾಮಿ! ಚರ್ಮದಿಂದ ನೇರ ರಕ್ತಕ್ಕೆ ಇಳಿಯತ್ತೆ. ನಾನು ಇಷ್ಟು ದಿನ ಅಳೆದಿದ್ದು ಇವರ ಗ್ರಂಥಿಯನ್ನಲ್ಲ, ನಿಮ್ಮ ಮುಲಾಮಿನ ಡಬ್ಬೀನ." ಅಮ್ಮನ ಕಡೆ ಬಗ್ಗಿ, "ನಾನು ಕೇಳಿದ್ನಲ್ಲಮ್ಮಾ, ಯಾಕೆ ಹೇಳಲಿಲ್ಲ?" ಎಂದರು.

ತುಂಬ ಹೊತ್ತಿನ ಮೇಲೆ ಆ ದಪ್ಪ ದನಿಯಲ್ಲಿ ಉತ್ತರ ಬಂತು. "ಗಂಡನ ಕೈಲಿ ಕಾಲು ಒತ್ತಿಸ್ಕೋತೀನಿ ಅಂತ ಹೇಗೆ ಹೇಳ್ಲಿ?"

ಜೀವಕ್ಕಿಂತ ಆ ನಾಚಿಕೆ ದೊಡ್ಡದಾಗಿತ್ತಲ್ಲ ಎಂದು ಈಗಲೂ ನನ್ನ ಮೈ ಉರಿಯುತ್ತದೆ. ಅಮ್ಮನ ಮೇಲಲ್ಲ, ಅವಳಿಗೆ ಅದನ್ನು ಕಲಿಸಿದವರ ಮೇಲೆ. ಅಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು, ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತಾ ಕೂತುಬಿಟ್ಟರು.

ಮುಲಾಮು ನಿಂತಿತು. ಆದರೆ ರಕ್ತಕ್ಕೆ ಸೇರಿದ ಅಯೋಡಿನ್ ಇಳಿಯಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ರಿಪೋರ್ಟನ್ನು ನಂಬುವಂತಿಲ್ಲ ಎಂದರು ಡಾಕ್ಟರು. ನಾಡಿ ಹಿಡಿದು, ಹಿಮ್ಮಡಿ ತಟ್ಟಿ, ಕಾಲುಭಾಗ ಮಾತ್ರೆಯಿಂದ ಮತ್ತೆ ಶುರುಮಾಡಿದರು. ಬೇಗ ಏರಿಸುವಂತಿರಲಿಲ್ಲ. ಒಮ್ಮೆ ಏರಿಸಿದ್ದಕ್ಕೆ ಅಮ್ಮ ಎದೆ ಹಿಡಿದುಕೊಂಡು ಬೆವತುಹೋದಳು, ಮತ್ತೆ ಇಳಿಸಬೇಕಾಯಿತು. ಇವಳು ಉಳಿಯುತ್ತಾಳೆಂಬ ಭರವಸೆ ನನಗೆ ಬಿಟ್ಟೇಹೋಗಿತ್ತು. ಅಜ್ಜಿ ಆಸ್ಪತ್ರೆಯ ಮಾತನ್ನು ಬಿಟ್ಟಿರಲಿಲ್ಲ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿನ ಒಂದು ಬೆಳಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಅವರ ರೂಮಿನ ಬಾಗಿಲು ತೆರೆದೇ ಇತ್ತು. ಅಪ್ಪ ಅಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬರಿಗೈಯಲ್ಲಿ ಒತ್ತುತ್ತಿದ್ದರು. ಹೂ ಬಿಡಿಸಿಕೊಂಡು ಬಂದ ಅಜ್ಜಿ ನನ್ನ ಹಿಂದೆಯೇ ಬಾಗಿಲಲ್ಲಿ ನಿಂತುಬಿಟ್ಟರು.

"ಏನೋ ಇದು?"

"ಕಾಲು ಒತ್ತುತ್ತಾ ಇದೀನಮ್ಮ," ಎಂದರು ಅಪ್ಪ.

"ಬಾಗಿಲು ಹಾಕ್ರೀ!" ಎಂದಳು ಅಮ್ಮ, ತಕ್ಷಣ.

ಒಂದು ವರ್ಷದಿಂದ ಅವಳ ಬಾಯಲ್ಲಿ ತಡವಿಲ್ಲದೆ ಬಂದ ಮೊದಲ ಮಾತು ಅದು. ಅಪ್ಪ ಬಾಗಿಲು ಹಾಕಲು ಏಳಲಿಲ್ಲ.