ಕರ್ನೆಲ್‌ಗೆ ಕಲಿಸಿದ ಮರ್ಯಾದೆ

ಎಂಬತ್ತರ ದಶಕದ ಕೊನೆಗೆ ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಇಡೀ ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದರ ಕೋಣೆಗೆ ಹೋಗಬೇಕಾದರೆ ಪ್ರಿನ್ಸಿಪಾಲರೂ ಚಪ್ಪಲಿ ಬಿಡಬೇಕಿತ್ತು. ಅದರಲ್ಲಿ ನಡೆಯುತ್ತಿದ್ದ ಆಪರೇಟಿಂಗ್ ಸಿಸ್ಟಮನ್ನು ಹೊರದೇಶದ ಪ್ರೊಫೆಸರರೊಬ್ಬರು ಬರೆದಿದ್ದರು. ಅದರ ತಿರುಳಾದ ಕರ್ನೆಲ್‌ನ ಸಾಲುಗಳನ್ನೆಲ್ಲ ಬಚ್ಚಿಡದೆ ಕೊಟ್ಟು, ತಪ್ಪು ಕಂಡರೆ ತಿದ್ದಿ ಕಳಿಸಿ ಎಂದಿದ್ದರು.

ನಮಗೊಂದು ತಪ್ಪು ದಿನವೂ ಕಾಣುತ್ತಿತ್ತು. ಫ್ಲಾಪಿ ಸರಿಯಾಗಿ ತಿರುಗುವ ಮೊದಲೇ ಕರ್ನೆಲ್ ಅವಸರಪಟ್ಟು ಓದಲು ಹೋಗಿ, ಆಗಲಿಲ್ಲವೆಂದು ಕೈಚೆಲ್ಲುತ್ತಿತ್ತು. ನಾನು ಅದಕ್ಕೆ ಸ್ವಲ್ಪ ಕಾಯುವುದನ್ನು ಕಲಿಸಿದೆ. ಕಾಯುವಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ತಡಿಲೇ’ ಎಂದು ಮೂಡುವಂತೆ ಮಾಡಿದೆ.

ಪಕ್ಕದಲ್ಲಿ ಕೂತಿದ್ದ ಗಣಿತದ ಮಾಸ್ತರರಿಗೆ ಅದು ಸರಿಬರಲಿಲ್ಲ. ಅವರು ಮಾನ್ವಿಯವರು, ಗುಡಿಯ ಪೂಜೆಯ ಮನೆತನ. ಮಾತಿನಲ್ಲಿ ಬಲು ಮಡಿ.

“ನಾಳಿ ಪ್ರಿನ್ಸಿಪಾಲ್ರು ಬಂದು ಕೂತ್ರ, ಅವರಿಗೂ ಲೇ ಅಂತದೇನ್ರಿ ಇದು?”

ಕರ್ನೆಲ್ ಮಾತಾಡುವುದು ಪ್ರೋಗ್ರಾಮಿನ ಜೊತೆ, ಮನುಷ್ಯರ ಜೊತೆಯಲ್ಲ ಎಂದೆ. ಪ್ರೋಗ್ರಾಮು ಬರೆದವರು ಹಿರಿಯರಾಗಿದ್ದರೆ ಎಂದರು. ಸಂಜೆಯವರೆಗೆ ಜಗ್ಗಾಡಿ, ಕೊನೆಗೆ ‘ತಡೀರಿ’ ಎಂದು ತಿದ್ದಿ, ಫ್ಲಾಪಿಯನ್ನು ರಟ್ಟಿನ ನಡುವೆ ಕಟ್ಟಿ ಅಂಚೆಗೆ ಹಾಕಿದೆ. ಮರ್ಯಾದೆಯ ಗದ್ದಲದಲ್ಲಿ ನನ್ನ ಹೆಸರು ಬರೆಯುವುದೇ ಮರೆತಿತ್ತು. ಕಾಲೇಜಿನ ವಿಳಾಸವಷ್ಟೇ ಇತ್ತು.

ಎಷ್ಟೋ ತಿಂಗಳ ಮೇಲೆ ಪೋಸ್ಟಮನ್ ಒಂದು ಪೊಟ್ಟಣ ಹಿಡಿದು ಆಫೀಸಿಗೆ ಬಂದರು. ಮೇಲಿನ ಹೆಸರು ಓದಿ, “ತಡೀರಿ,” ಅಂದರು. ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ಕಾದರು. ಪೋಸ್ಟಮನ್ನರೂ ಕಾದರು.

“ತಡದೀನ್ರಿ, ಮುಂದ ಹೇಳ್ರಿ,” ಅಂದರು ಗುಮಾಸ್ತರು.

“ಮುಂದೇನಿಲ್ರಿ, ಹೆಸರ ಅದು.”

ಒಳಗೆ ಹೊಸ ಆವೃತ್ತಿಯ ಫ್ಲಾಪಿಗಳಿದ್ದವು. ನನ್ನ ಸಾಲುಗಳು ಕರ್ನೆಲ್ ಸೇರಿದ್ದವು. ಅವುಗಳ ಮೇಲೆ ಪ್ರೊಫೆಸರರು, ಭಾರತದ ಶ್ರೀ ತಡೀರಿಯವರಿಗೆ ಕೃತಜ್ಞತೆ ಎಂದು ಬರೆದಿದ್ದರು. ತಾವು ತಡೆಯದಿದ್ದರೆ ನಾನು ಶ್ರೀ ತಡಿಲೇ ಆಗುತ್ತಿದ್ದೆ ಎಂದು ಮಾಸ್ತರರು ಕಾಲೇಜಿಗೆಲ್ಲ ಹೇಳಿಕೊಂಡು ತಿರುಗಿದರು. ನನಗಂತೂ ಹಿಗ್ಗೋ ಹಿಗ್ಗು. ಆ ಸಾಲನ್ನು ಅಚ್ಚು ಹಾಕಿಸಿಕೊಂಡು ದೇವದುರ್ಗದ ಮಾವನವರ ಮನೆಗೆ ಒಯ್ದೆ. ಇದರಲ್ಲಿ ನಮ್ಮ ಅಳಿಯನ ಹೆಸರೆಲ್ಲಿದೆ ಎಂದು ಅತ್ತೆಯವರು ಕಾಗದ ತಿರುವಿ ಹಿಂಬದಿಯನ್ನೂ ನೋಡಿದರು.

ಆ ಬೇಸಿಗೆಯಲ್ಲಿ ಫ್ಲಾಪಿ ತಿರುಗಿಸುವ ಡ್ರೈವ್ ಪೂರ್ತಿ ನಿಂತೇಹೋಯಿತು. ಹೈದರಾಬಾದಿನಿಂದ ಬಂದ ಮೆಕ್ಯಾನಿಕ್ ಬಿಚ್ಚಿದರೆ, ತಿರುಗುವ ಗಾಲಿಗೆ ಪಕ್ಕದ ಜಿನ್ನಿಂಗ್ ಮಿಲ್ಲಿನಿಂದ ಹಾರಿಬಂದ ಹತ್ತಿ ಸುತ್ತಿಕೊಂಡಿತ್ತು. ತೆಗೆದೊಡನೆ ಡ್ರೈವ್ ಗಿರ್ರನೆ ತಿರುಗಿತು. ಕರ್ನೆಲ್ ಕಾಯಬೇಕಾದ ಕೆಲಸವೇ ಇರಲಿಲ್ಲ.

ಪ್ರೊಫೆಸರರಿಗೆ ತಿಳಿಸಲೇ ಎಂದು ಮಾಸ್ತರರನ್ನು ಕೇಳಿದೆ.

“ಅವರ ಊರಾಗ ಹತ್ತಿ ಹಾರಂಗಿಲ್ಲಂತ ನಿಮಗ ಹೆಂಗ ಗೊತ್ತು? ಇರ್ಲಿ ಬಿಡ್ರಿ,” ಅಂದರು.